ಹೊಟ್ಟೆಯ ಹುಳ ಲಸಿಕೆಗೆ ಅಡ್ಡ ಬಂದಾಗ

ಇವತ್ತಿನ ಕಥೆ ಮೊಲದಿಂದ ಶುರು. 1674ರಲ್ಲಿ ಹಾಲೆಂಡಿನ ಬಟ್ಟೆ ವ್ಯಾಪಾರಿ ಲೀವೆನ್‌ಹುಕ್, ತಾನೇ ಉಜ್ಜಿ ಮಾಡಿದ ಮಸೂರದಲ್ಲಿ ಮೊಲದ ಪಿತ್ತರಸ ನೋಡಿದ. ಮೊಟ್ಟೆಯಾಕಾರದ ಕಣಗಳು ಕಂಡವು. ಬಹುಶಃ ಯಕೃತ್ತಿಗೆ ತಗಲುವ ಪರಾವಲಂಬಿಯವು. 1885ರಲ್ಲಿ ಪಾಶ್ಚರ್ ರೇಬೀಸ್ ಲಸಿಕೆ ತೆಗೆದದ್ದೂ ಮೊಲದ ಬೆನ್ನುಹುರಿ ಒಣಗಿಸಿಯೇ. ಪಾಪದ ಪ್ರಾಣಿ, ಎರಡೂ ಕಥೆಯಲ್ಲಿ ಅದೇ!

ಆದರೆ ಪರಾವಲಂಬಿ ಇರುವ ದೇಹಕ್ಕೇ ಲಸಿಕೆ ಕೊಟ್ಟರೆ? 1972ರಲ್ಲಿ ಬ್ರಯನ್ ಗ್ರೀನ್‌ವುಡ್ ತಂಡ ನೈಜೀರಿಯಾದಿಂದ ಉತ್ತರ ಕೊಟ್ಟಿತು: ಮಲೇರಿಯಾ ಜ್ವರದಲ್ಲಿದ್ದ ಮಕ್ಕಳಿಗೆ ಟೆಟನಸ್ ಲಸಿಕೆ ಹಾಕಿದರೂ ಪ್ರತಿಕಾಯ ಕಡಿಮೆ. ಅಂದ್ರೆ ಕಾರ್ಡಿನಲ್ಲಿ ಟಿಕ್ ಬಿದ್ದಿದೆ, ರಕ್ಷಣೆ ಮಾತ್ರ ಅರೆಬರೆ.

ಜಂತುಹುಳದ್ದು ಇನ್ನೂ ನಾಜೂಕಿನ ಆಟ. ವರ್ಷಗಟ್ಟಲೆ ಕರುಳಲ್ಲಿ ಬಾಳಬೇಕಲ್ಲ, ಅದಕ್ಕೆ ನಮ್ಮ ರೋಗನಿರೋಧಕ ಶಕ್ತಿಯನ್ನೇ ತಣ್ಣಗೆ ಮಾಡುತ್ತೆ. ಈಕ್ವೆಡಾರ್‌ನಲ್ಲಿ ದುಂಡುಹುಳ ಇದ್ದ ಮಕ್ಕಳಿಗೆ ಮೊದಲು ಅಲ್ಬೆಂಡಜೋಲ್ ಕೊಟ್ಟು, ಆಮೇಲೆ ಬಾಯಿಯ ಕಾಲರಾ ಲಸಿಕೆ ಕೊಟ್ಟರು. 2000ದಲ್ಲಿ ಪ್ರಕಟವಾದ ಫಲಿತಾಂಶ: ಮಾತ್ರೆ ತಿಂದವರಲ್ಲಿ ಪ್ರತಿಕ್ರಿಯೆ ಹೆಚ್ಚು. ಶಾಲೆಯಲ್ಲಿ ನಮಗೆ ಜಗಿಸ್ತಿದ್ರಲ್ಲ, ಅದೇ ಮಾತ್ರೆ!

ಹಾಗಂತ ಮಾತ್ರೆ ಕೊಟ್ರೆ ಎಲ್ಲ ಸರಿ ಅನ್ನೋ ಹಾಗಿಲ್ಲ. ಉಗಾಂಡದ ಎಂಟೆಬೆಯಲ್ಲಿ ಸುಮಾರು 2,500 ಗರ್ಭಿಣಿಯರ ಮೇಲೆ ಪರೀಕ್ಷೆ ನಡೀತು. ತಾಯಿಗೆ ಜಂತುಹುಳದ ಔಷಧ ಕೊಟ್ಟರೆ ಮಗುವಿನ ಲಸಿಕೆ ಚೆನ್ನಾಗಿ ಹಿಡಿಯುತ್ತಾ ಅಂತ. 2011ರಲ್ಲಿ ಬಂದ ಉತ್ತರ: ವ್ಯತ್ಯಾಸ ಕಾಣಲಿಲ್ಲ.