ದರ್ಪಣಗಳಲ್ಲಿ ಸತ್ಯ ಮತ್ತು ಮಿಥ್ಯ ಪ್ರತಿಬಿಂಬಗಳು: ಪರಿಕಲ್ಪನೆಯ ಚರಿತ್ರೆ

ದರ್ಪಣದಿಂದ ಪ್ರತಿಫಲಿಸಿದ ಕಿರಣಗಳು ಒಂದೆಡೆ ನಿಜವಾಗಿಯೇ ಕೂಡಿದರೆ ಅಲ್ಲಿ ಮೂಡುವುದು ಪರದೆಯ ಮೇಲೆ ಹಿಡಿಯಬಹುದಾದ ಸತ್ಯ ಪ್ರತಿಬಿಂಬ. ಅವು ಚದುರುತ್ತ ಸಾಗಿ, ದರ್ಪಣದ ಹಿಂದಿನ ಒಂದು ಬಿಂದುವಿನಿಂದ ಹೊರಟಂತೆ ತೋರಿದರೆ ಅದು ಮಿಥ್ಯ ಪ್ರತಿಬಿಂಬ. ಸಮತಲ ದರ್ಪಣವೂ ಮೈಯುಬ್ಬಿದ ಪೀನ ದರ್ಪಣವೂ ಎದುರಿನ ವಸ್ತುವಿನ ಮಿಥ್ಯ ಪ್ರತಿಬಿಂಬವನ್ನಷ್ಟೇ ಕೊಡುತ್ತವೆ. ಒಳಬಾಗಿದ ನಿಮ್ನ ದರ್ಪಣವಾದರೋ, ಸಮಾಂತರ ಕಿರಣಗಳು ಕೂಡುವ ಸಂಗಮ ಬಿಂದುವಿನಿಂದ ಆಚೆಗೆ ವಸ್ತುವಿದ್ದಾಗ ತಲೆಕೆಳಗಾದ ಸತ್ಯ ಪ್ರತಿಬಿಂಬವನ್ನೂ, ಈಚೆಗಿದ್ದಾಗ ನೆಟ್ಟಗಿನ, ಹಿಗ್ಗಿದ ಮಿಥ್ಯ ಪ್ರತಿಬಿಂಬವನ್ನೂ ಉಂಟುಮಾಡುತ್ತದೆ.

ಇಂದು ಶಾಲಾಪಠ್ಯದಲ್ಲಿರುವ ಈ ವಿಂಗಡಣೆ, ದರ್ಪಣಗಳ ಜ್ಯಾಮಿತಿ ತಿಳಿದು ಎಷ್ಟೋ ಶತಮಾನಗಳಾದ ಮೇಲೆ ರೂಪುಗೊಂಡಿತು. ಪತನ ಕೋನವೂ ಪ್ರತಿಫಲನ ಕೋನವೂ ಸಮವೆಂಬುದನ್ನು ಗ್ರೀಕರು ಬಲ್ಲವರಾಗಿದ್ದರು, ಕ್ರಿ.ಶ. 2ನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಟಾಲೆಮಿ ಅದನ್ನು ಪ್ರಯೋಗದಿಂದಲೂ ತೋರಿಸಿದ್ದನು. ಆದರೆ ಯೂಕ್ಲಿಡ್, ಟಾಲೆಮಿಯರ ಪರಂಪರೆಯಲ್ಲಿ ಕಿರಣಗಳು ಹೊರಡುತ್ತಿದ್ದುದು ಕಣ್ಣಿನಿಂದ. ವಸ್ತುವಿನಿಂದ ದರ್ಪಣಕ್ಕೆಳೆದ ಲಂಬವನ್ನು ನೋಟದ ರೇಖೆ ಸಂಧಿಸುವಲ್ಲಿ ಬಿಂಬವಿದೆಯೆಂಬ ಅವರ ನಿಯಮ ಸಮತಲ ದರ್ಪಣಕ್ಕೆ ಸರಿಹೋಗುತ್ತಿತ್ತು, ಬಾಗಿದ ದರ್ಪಣಗಳಿಗೆ ಎಲ್ಲ ಸಂದರ್ಭಗಳಲ್ಲೂ ಹೊಂದುತ್ತಿರಲಿಲ್ಲ. ಬಿಸಿಲನ್ನು ಕೂಡಿಸಿ ಬೆಂಕಿ ಹೊತ್ತಿಸುವ ದಹನ ದರ್ಪಣದ ಜ್ಯಾಮಿತಿಯನ್ನು ಡಯೊಕ್ಲಿಸ್ ಕ್ರಿ.ಪೂ. 200ರ ಸುಮಾರಿಗೇ ವಿವರಿಸಿದ್ದನು. ಆ ಉರಿಯುವ ಚುಕ್ಕೆ ಸೂರ್ಯನದೇ ಸತ್ಯ ಪ್ರತಿಬಿಂಬವಾಗಿದ್ದರೂ, ದಹನ ಮತ್ತು ದೃಷ್ಟಿ ಬೇರೆಬೇರೆ ವಿಷಯಗಳೆನಿಸಿದ್ದರಿಂದ ಆ ನಂಟು ಕಾಣದೆ ಹೋಯಿತೆನ್ನಬೇಕು.

ಬೆಳಕು ವಸ್ತುವಿನ ಪ್ರತಿಯೊಂದು ಬಿಂದುವಿನಿಂದಲೂ ಎಲ್ಲ ದಿಕ್ಕುಗಳಿಗೆ ಹೊರಟು ಕಣ್ಣನ್ನು ಸೇರುತ್ತದೆಂದು 11ನೆಯ ಶತಮಾನದ ಆರಂಭದಲ್ಲಿ ಇಬ್ನ್ ಅಲ್-ಹೈತಮ್ ಪ್ರತಿಪಾದಿಸಿದನು. ಗೋಳ, ಸ್ತಂಭ, ಶಂಕು ಆಕೃತಿಯ ದರ್ಪಣಗಳನ್ನೆಲ್ಲ ಪರಿಶೀಲಿಸಿದ ಅವನೂ ಬಿಂಬದ ಸ್ಥಾನಕ್ಕೆ ಹಳೆಯ ಲಂಬ ನಿಯಮವನ್ನೇ ಆಶ್ರಯಿಸಿದನು. ಆ ನಿಯಮಕ್ಕೆ ಭೌತಿಕ ಕಾರಣವನ್ನು ಕೇಳಿದವನು ಕೆಪ್ಲರ್. 1604ರ ಗ್ರಂಥದಲ್ಲಿ ಅವನು, ಅಕ್ಷಿಪಟಲದ ಮೇಲೆ ಬೆಳಕೇ ಚಿತ್ರ ಬರೆಯುತ್ತದೆಂದು ತೋರಿಸಿ, ಪರದೆಯ ಮೇಲೆ ಬೀಳುವ ಚಿತ್ರವನ್ನು ನೋಟಕ್ಕಷ್ಟೇ ತೋರುವ ಬಿಂಬದಿಂದ ಬೇರ್ಪಡಿಸಿದನು. ಸತ್ಯ-ಮಿಥ್ಯ ಭೇದದ ಬೇರು ಇಲ್ಲಿದೆ.

ನ್ಯೂಟನ್ 1668ರಲ್ಲಿ ನಿರ್ಮಿಸಿದ ದೂರದರ್ಶಕ ಎರಡನ್ನೂ ಒಂದೇ ನಳಿಗೆಯಲ್ಲಿ ದುಡಿಸಿಕೊಂಡಿತು: ತಾಮ್ರ-ತವರಗಳ ಮಿಶ್ರಲೋಹದ ನಿಮ್ನ ದರ್ಪಣ ಕೂಡಿಸುವ ಕಿರಣಗಳನ್ನು ಪುಟ್ಟ ಸಮತಲ ದರ್ಪಣ ಪಕ್ಕಕ್ಕೆ ತಿರುಗಿಸಿದರೆ, ಅಲ್ಲಿ ಮೂಡಿದ ಸತ್ಯ ಪ್ರತಿಬಿಂಬದ ಹಿಗ್ಗಿದ ಮಿಥ್ಯ ಪ್ರತಿಬಿಂಬವನ್ನು ನೇತ್ರಮಸೂರ ಕಣ್ಣಿಗೆ ಒದಗಿಸುತ್ತದೆ.

ತೊಡಕೊಂದು ಉಳಿದಿತ್ತು. ಕಿರಣಗಳು ಕೂಡುವ ಮೊದಲೇ ಕಣ್ಣು ಅಡ್ಡ ನಿಂತರೆ, ವಸ್ತು ಬಹುದೂರದಲ್ಲಿ ಕಾಣಬೇಕೆಂದು ಸಿದ್ಧಾಂತ ಸೂಚಿಸಿದರೂ ಅದು ಹತ್ತಿರದಲ್ಲೇ, ಮಸುಕಾಗಿ ತೋರುವುದನ್ನು ಐಸಾಕ್ ಬ್ಯಾರೋ 1669ರಲ್ಲಿ ಗುರುತಿಸಿ, ಉತ್ತರ ಕಾಣದೆ ಹಾಗೆಯೇ ಬಿಟ್ಟನು. ದೂರವನ್ನು ಕಣ್ಣು ರೇಖಾಗಣಿತದಿಂದ ಲೆಕ್ಕ ಹಾಕುವುದಿಲ್ಲ, ಮಸುಕಿನಂಥ ಸೂಚನೆಗಳಿಂದ ರೂಢಿಯ ಬಲದ ಮೇಲೆ ಊಹಿಸುತ್ತದೆ ಎಂದು ವಾದಿಸಿದ ಬರ್ಕ್ಲಿ, 1709ರ ದೃಷ್ಟಿಸಿದ್ಧಾಂತದಲ್ಲಿ ಇದೇ ಪ್ರಕರಣವನ್ನು ತನ್ನ ಪ್ರಬಲ ಸಾಕ್ಷ್ಯವಾಗಿ ಮುಂದಿಟ್ಟನು.