ಘಟ್ಟದ ಮೇಲೆ ವೀಕ್ಷಕ ವಿವರಣೆ: ಶಿರಸಿ ಸೀಮೆಯಲ್ಲಿ ಕ್ರೀಡೆ ಮತ್ತು ಬಾನುಲಿ

ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲಿ ಕ್ರೀಡೆಗೇ ಮೀಸಲಾದ ಬಾನುಲಿ ಕೇಂದ್ರ ತಲೆಯೆತ್ತಲಿಲ್ಲ. ಹಾಗೆಂದು ಈ ಸೀಮೆಗೆ ಕ್ರೀಡಾ ಬಾನುಲಿಯ ಇತಿಹಾಸ ಇಲ್ಲವೆನ್ನಲಾಗದು. ಅದನ್ನು ಕೇಂದ್ರದ ಉದ್ಘಾಟನಾ ಫಲಕದಲ್ಲಲ್ಲ, ಕೇಳುಗರ ಜಗುಲಿಯಲ್ಲಿ ಮತ್ತು ಪಂದ್ಯಾವಳಿಯ ಮೈಕಿನ ಸುತ್ತ ಹುಡುಕಬೇಕು. ಇಲ್ಲಿಗೆ ಯಾವ ದನಿ ತಲುಪಬೇಕು, ಇಲ್ಲಿಂದ ಯಾವುದು ಹೊರಡಬೇಕು ಎಂಬುದನ್ನು ನಿರ್ಧರಿಸಿದ್ದು ಬಹುಮಟ್ಟಿಗೆ ಗುಡ್ಡ ಮತ್ತು ಕಾನೂನು ಎಂಬುದು ನನ್ನ ವಾದ.

ಧಾರವಾಡ ಆಕಾಶವಾಣಿ 1950ರ ಜನವರಿ 8ರಂದು ಶುರುವಾಯಿತು. ಭದ್ರಾವತಿ ಕೇಂದ್ರ 1965ರಲ್ಲಿ. ಯಲ್ಲಾಪುರ ಧಾರವಾಡದ ಮಗ್ಗುಲಿಗಿದ್ದರೆ, ಸಿದ್ದಾಪುರ ಭದ್ರಾವತಿ ದಿಕ್ಕಿನ ಸಾಗರ ಪಟ್ಟಣದ ಕಡೆ ಮುಖ ಮಾಡಿದೆ. ಧಾರವಾಡದ 765 ಕಿಲೋಹರ್ಟ್ಸ್, ಭದ್ರಾವತಿಯ 675 ಎರಡೂ ಮೀಡಿಯಂ ವೇವ್. ಈ ತರಂಗ ಹಗಲಿನಲ್ಲಿ ನೆಲ ಹಿಡಿದು ಸಾಗುತ್ತದೆ, ಗುಡ್ಡ ಅಡ್ಡ ಬಂದರೂ ಒಂದಿಷ್ಟು ಬಾಗಿಕೊಂಡು ಬರುತ್ತದೆ. ಎಫ್‌ಎಂಗೆ ಆ ಗುಣವಿಲ್ಲ. ಅದು ಹೆಚ್ಚುಕಡಿಮೆ ನೇರ ನೋಟದ ದಾರಿ ಬೇಡುತ್ತದೆ. ಘಟ್ಟದ ಕಣಿವೆಯ ತೋಟದ ಮನೆಗಳಿಗೆ ಹಳೆಯ ಮೀಡಿಯಂ ವೇವೇ ಆಪ್ತವಾದದ್ದು ಇದಕ್ಕೇ.

ಕ್ರಿಕೆಟ್ ಕೇಳುವುದು ಒಂದು ಕಸುಬೇ ಆಗಿತ್ತು. ಟ್ರಾನ್ಸಿಸ್ಟರಿನ ಒಳಗಿನ ಫೆರೈಟ್ ಕಡ್ಡಿ ದಿಕ್ಕು ನೋಡಿ ಹಿಡಿಯುವಂಥದ್ದು. ಪೆಟ್ಟಿಗೆಯನ್ನು ಕಾಲುಸುತ್ತು ತಿರುಗಿಸಿದರೆ ಕಮೆಂಟರಿ ಎದ್ದು ಬರುತ್ತಿತ್ತು, ಇನ್ನಷ್ಟು ತಿರುಗಿಸಿದರೆ ಮುಳುಗುತ್ತಿತ್ತು. ಸರಿಯಾದ ದಿಕ್ಕು ಸಿಕ್ಕಮೇಲೆ ಅದನ್ನು ಮುಟ್ಟಿದವರಿಗೆ ಬೈಗುಳ ಖಚಿತ. ಸೋತ ಸೆಲ್ಲುಗಳನ್ನು ಬಿಸಿಲಿಗಿಟ್ಟು ಮತ್ತೊಂದು ತಾಸು ಎಳೆಯುತ್ತಿದ್ದರು. ಇಂಗ್ಲೆಂಡಿನ ಪಂದ್ಯಗಳ ಕಷ್ಟವೇ ಬೇರೆ. ಅವು ನಮ್ಮ ಸಂಜೆ ದಾಟಿ ರಾತ್ರಿಗೆ ಹೋಗುತ್ತವೆ. ಕತ್ತಲಾದ ಮೇಲೆ ಮೀಡಿಯಂ ವೇವ್ ಆಕಾಶಕ್ಕೆ ತಾಗಿ ಮರಳುವುದರಿಂದ ದೂರದೂರದ ಕೇಂದ್ರಗಳು ಒಂದರ ಮೇಲೊಂದು ಬೀಳುತ್ತವೆ. 1983ರ ಜೂನ್ 25ರಂದು ಲಾರ್ಡ್ಸ್‌ನಲ್ಲಿ ಭಾರತ 183ಕ್ಕೆ ಆಲೌಟಾಗಿ, ವೆಸ್ಟ್ ಇಂಡೀಸನ್ನು 140ಕ್ಕೆ ಕೆಡವಿದ್ದು ಮಲೆನಾಡಿನ ಮಳೆಗಾಲದಲ್ಲಿ. ಸಿಡಿಲಿನ ಗರಗರದ ನಡುವೆ ವಿಕೆಟ್ ಎಣಿಸುವ ಕಾಲ ಅದು.

ವಿವರಣೆ ಬರುತ್ತಿದ್ದದ್ದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ, ಸರದಿಯಂತೆ. 1930ರ ದಶಕದಲ್ಲಿ ಮುಂಬಯಿಯಿಂದ ದಿನವಿಡೀ ಒಬ್ಬರೇ ಮಾತಾಡುತ್ತಿದ್ದ ಬಾಬಿ ತಲ್ಯಾರ್ಖಾನ್ ಮೈಕನ್ನು ಇನ್ನೊಬ್ಬರೊಂದಿಗೆ ಹಂಚಿಕೊಳ್ಳಲೊಪ್ಪದವರು. ಮುಂದಿನವರಾದ ಸುರೇಶ್ ಸರೈಯಾ, ಸುಶೀಲ್ ದೋಶಿಯವರ ಕಾಲಕ್ಕೆ ಸರದಿ ರೂಢಿಯಾಗಿತ್ತು. ಪೂರ್ತಿ ಗೊತ್ತಿಲ್ಲದ ಭಾಷೆಯನ್ನು ಈ ಕೇಳುಗರು ಹೇಗೆ ಹಿಡಿದರು? ವೇಷವಿಲ್ಲದ ತಾಳಮದ್ದಳೆಯನ್ನು ಇಡೀ ರಾತ್ರಿ ಕೇಳಿ ಯುದ್ಧವನ್ನೇ ಕಂಡವರ ಕಿವಿ ಅದು. ದನಿಯ ಏರಿಳಿತವೇ ಅರ್ಧ ಅರ್ಥ ಹೇಳುತ್ತಿತ್ತೆಂದು ನನಗನ್ನಿಸುತ್ತದೆ.

ಆದರೆ ದನಿ ಹೊರಗಿನಿಂದ ಬಂದಷ್ಟು ಒಳಗಿನಿಂದ ಹೊರಗೆ ಹೋಗಲಿಲ್ಲ. 1980ರ ದಶಕದಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಉತ್ತರ ಕನ್ನಡದ ಸಿದ್ದಿ ಸಮುದಾಯದ ಮಕ್ಕಳನ್ನು ಅಥ್ಲೆಟಿಕ್ಸ್ ತರಬೇತಿಗೆ ಆರಿಸಿಕೊಂಡಿತು. ಅಂಥ ಓಟಗಾರರ ನೆಲದಲ್ಲೂ ರೇಡಿಯೊ ಎಂದರೆ ಕ್ರಿಕೆಟ್ಟೇ.

ಕಾನೂನಿನ ಕತೆಯಲ್ಲಿ ಒಂದು ವ್ಯಂಗ್ಯವಿದೆ. ಬಾನಲೆಗಳು ಸಾರ್ವಜನಿಕ ಸ್ವತ್ತು ಎಂದು ಸುಪ್ರೀಂ ಕೋರ್ಟ್ 1995ರ ಫೆಬ್ರುವರಿಯಲ್ಲಿ ಹೇಳಿದ್ದು ಹೀರೊ ಕಪ್ ಕ್ರಿಕೆಟ್ ಪ್ರಸಾರದ ಜಗಳದಲ್ಲಿ. ಸಮುದಾಯ ಬಾನುಲಿಯ ಬೇಡಿಕೆಗೆ ಬಲ ಬಂದದ್ದು ಆ ತೀರ್ಪಿನಿಂದ. 2002ರಲ್ಲಿ ಶಿಕ್ಷಣ ಸಂಸ್ಥೆಗಳಿಗೆ, 2006ರಲ್ಲಿ ಸ್ವಯಂಸೇವಾ ಸಂಘಟನೆಗಳಿಗೆ ಬಾಗಿಲು ತೆರೆಯಿತು. ಶಕ್ತಿ ಮಾತ್ರ 100 ವ್ಯಾಟ್. ಬಯಲಿನಲ್ಲಿ ಸುಮಾರು ಹತ್ತು ಕಿಲೋಮೀಟರ್ ಹೋಗುವ ಈ ಸಂಕೇತ ಘಟ್ಟದಲ್ಲಿ ಮೊದಲ ಗುಡ್ಡಕ್ಕೇ ಸೊರಗುತ್ತದೆ. ಖಾಸಗಿ ಎಫ್‌ಎಂನ 2011ರ ನೀತಿ ಸ್ಥಳೀಯ ಆಟಗಳ ನೇರ ವಿವರಣೆಗೆ ಅವಕಾಶ ಕೊಟ್ಟರೂ, ಅದರ ಗುರಿ ಮುಖ್ಯವಾಗಿ ಲಕ್ಷ ಜನಸಂಖ್ಯೆ ದಾಟಿದ ನಗರಗಳು. ಆ ವರ್ಷದ ಜನಗಣತಿಯಲ್ಲಿ ಶಿರಸಿ ಸುಮಾರು 63 ಸಾವಿರ.

ಹೀಗಾಗಿ ಸ್ಥಳೀಯ ಕ್ರೀಡಾ ದನಿ ಉಳಿದದ್ದು ಹೊನಲು ಬೆಳಕಿನ ವಾಲಿಬಾಲ್, ಕಬಡ್ಡಿ ಪಂದ್ಯಾವಳಿಗಳ ಧ್ವನಿವರ್ಧಕದಲ್ಲಿ. ಅಲ್ಲಿ ವೀಕ್ಷಕ ವಿವರಣೆಕಾರ ಆಟಗಾರನ ಹೆಸರಿನ ಜೊತೆಗೆ ಅವನ ಊರು, ಕೇರಿಯನ್ನೂ ಸೇರಿಸುತ್ತಾನೆ. ನಡುವೆ ದೇಣಿಗೆ ಕೊಟ್ಟವರ ಪಟ್ಟಿ, ದಾರಿಗಡ್ಡ ನಿಲ್ಲಿಸಿದ ಬೈಕಿನ ನಂಬರು. ಆಕಾಶವಾಣಿ ಎಂದೂ ಕೊಡಲಾಗದ ಸೂಕ್ಷ್ಮ ಇದು. ಈಗ ಅದೇ ಮೈಕಿನ ದನಿ ಮೊಬೈಲಿನ ಮೂಲಕ ಯೂಟ್ಯೂಬ್‌ಗೆ ಹೋಗುತ್ತದೆ, ಬೆಂಗಳೂರಿನ ಬಾಡಿಗೆ ಕೋಣೆಯಲ್ಲಿರುವ ಊರ ಹುಡುಗರನ್ನು ಮುಟ್ಟುತ್ತದೆ. ಇದಕ್ಕೆ ತರಂಗಾಂತರದ ಪರವಾನಗಿ ಬೇಕಿಲ್ಲ. ಮೈದಾನ ನೆಟ್‌ವರ್ಕ್ ಸಿಗುವ ಜಾಗದಲ್ಲಿರಬೇಕು, ಅಷ್ಟೆ.