ಕಾದ ಬಾಚಣಿಗೆ ಮತ್ತು ಮಲೆನಾಡ ಮಳೆ

ಬೇಲೂರಿಗೆ ಹೋದವರೆಲ್ಲ ಮದನಿಕೆಯರ ಬಳೆ, ಕಡಗ, ಕೈಗನ್ನಡಿ ನೋಡಿ ಬರುತ್ತಾರೆ. ಮುಂದಿನ ಸಲ ಹೋದಾಗ ಸ್ವಲ್ಪ ಕೂದಲನ್ನೂ ನೋಡಿ. 1117ರಲ್ಲಿ ವಿಷ್ಣುವರ್ಧನನ ಕಾಲಕ್ಕೆ ಪ್ರತಿಷ್ಠೆಯಾದ ಆ ಗುಡಿಯ ಶಿಲ್ಪಿಗಳು ಹಣೆಯಂಚಿನಲ್ಲಿ ಸುರುಳಿ ಸುರುಳಿಯಾಗಿ ಮುಂಗುರುಳು ಬಿಡಿಸಿದ್ದಾರೆ. ಬಳಪದ ಕಲ್ಲಿನಲ್ಲಿ ನೇರ ಗೆರೆ ಎಳೆಯುವುದು ಸುಲಭವಿತ್ತು. ಅದನ್ನು ಬಿಟ್ಟು ಒಂದೊಂದೇ ಸುರುಳಿ ಕೆತ್ತಿದರು ಅಂದರೆ ಅದೇ ಅವರ ಕಣ್ಣಿಗೆ ಚೆಂದ ಕಂಡಿತ್ತು. ನಮ್ಮ ಹಳೆಗನ್ನಡ ಕವಿಗಳಿಗೂ ಕುರುಳು ಅಂದರೆ ಪ್ರಾಣ. ಕನ್ನಡ ನಾಡಿನ ಒಂದು ಭಾಗಕ್ಕಂತೂ ಕುಂತಳ ದೇಶ ಅಂತಲೇ ಹೆಸರಿತ್ತು. ಕುಂತಳ ಅಂದರೆ ಕೂದಲು!

ಅದೇ ಬೇಲೂರಿನ ಪಕ್ಕದ ಸಕಲೇಶಪುರ, ಆಲೂರು ಕಡೆ ನಾನು ಚಿಕ್ಕವಳಿದ್ದಾಗ ಗುಂಗುರು ಕೂದಲು ಅಂದರೆ ಹುಡುಗಿಯಲ್ಲಿನ ಒಂದು ಕೊರತೆ. ಹೊಯ್ಸಳರ ಕಾಲದಿಂದ ಇಲ್ಲಿಗೆ ಬರುವಷ್ಟರಲ್ಲಿ ಏನಾಯಿತೋ...

ನಮ್ಮ ಕಡೆ ಕೂದಲಿಗೆ ಬಿಸಿ ಕೊಡುವುದೇನೂ ಹೊಸದಲ್ಲ. ಮುಂಗಾರು ಹಿಡಿದರೆ ನಾಲ್ಕು ತಿಂಗಳು ಬಿಸಿಲಿನ ಮುಖವಿಲ್ಲ. ಸೀಗೆ, ಅಂಟುವಾಳ, ದಾಸವಾಳದ ಎಲೆಯ ಲೋಳೆ ಹಾಕಿ ಮಿಂದರೆ ಉದ್ದ ಕೂದಲು ಎರಡು ದಿನವಾದರೂ ಆರುತ್ತಿರಲಿಲ್ಲ. ಅದಕ್ಕೇ ಕೆಂಡದ ಮೇಲೆ ಸಾಂಬ್ರಾಣಿ ಉದುರಿಸಿ, ಬುಟ್ಟಿ ಬೋರಲು ಹಾಕಿ, ಅದರ ಮೇಲೆ ಕೂದಲು ಹರಡಿ ಮಲಗಿಸುತ್ತಿದ್ದರು. ಬಾಣಂತಿಯರಿಗಂತೂ ಇದು ಕಡ್ಡಾಯ. ಆ ಬಿಸಿ ಒಣಗಿಸುವುದಕ್ಕೆ, ಶೀತವಾಗದಿರುವುದಕ್ಕೆ. ಕೂದಲಿನ ಆಕಾರ ಬದಲಿಸುವ ಯೋಚನೆ ಅದರಲ್ಲಿರಲಿಲ್ಲ.

ಆ ಯೋಚನೆ ಬಂದದ್ದು ದೂರದಿಂದ. ಪ್ಯಾರಿಸ್ಸಿನ ಮಾರ್ಸೆಲ್ ಗ್ರಾಟೋ 1872ರ ಸುಮಾರಿಗೆ ಕಾಯಿಸಿದ ಇಕ್ಕಳದಿಂದ ಕೂದಲಿಗೆ ಅಲೆ ಮೂಡಿಸಿ ಹೆಸರಾದ. ಹತ್ತೊಂಬತ್ತನೇ ಶತಮಾನದ ಕೊನೆಗೆ ಕಾಯಿಸುವ ಲೋಹದ ಬಾಚಣಿಗೆ ಅಮೆರಿಕದ ಅಂಗಡಿಗಳಲ್ಲಿತ್ತು. ಅದನ್ನು ಮನೆಮನೆಯ ಒಲೆಯ ಮೇಲಿಟ್ಟವರು ಅಲ್ಲಿನ ಕಪ್ಪು ಹೆಂಗಸರು. 1867ರಲ್ಲಿ ಹುಟ್ಟಿ, ಮೇಡಂ ಸಿ.ಜೆ. ವಾಕರ್ ಎಂದು ಹೆಸರಾದ ಸಾರಾ ಬ್ರೀಡ್‌ಲವ್ ಈ ಬಾಚಣಿಗೆಯನ್ನು ಕಂಡುಹಿಡಿದಳು ಅಂತ ಎಷ್ಟೋ ಕಡೆ ಬರೆದಿರುತ್ತಾರೆ, ಅದು ಸರಿಯಲ್ಲ. ಆಕೆ ಮಾರಿದ್ದು ನೆತ್ತಿಗೆ ಹಚ್ಚುವ ಮುಲಾಮು. ಬಾಚಣಿಗೆ ಆಕೆಯ ಪದ್ಧತಿಯಲ್ಲಿ ಸೇರಿಕೊಂಡಿತು, ಅಷ್ಟೇ. ಗುಲಾಮಗಿರಿಯಿಂದ ಆಗಷ್ಟೇ ಬಿಡುಗಡೆಯಾದವರ ಮಗಳು ಆಕೆ. ಹುಟ್ಟುಗೂದಲಿನಲ್ಲಿ ಹೋದರೆ ಕೆಲಸ ಸಿಗುವುದೇ ಕಷ್ಟ ಎನ್ನುವಂಥ ಸಮಾಜದಲ್ಲಿ ಕಾದ ಬಾಚಣಿಗೆಯನ್ನು ಬರೀ ಶೋಕಿ ಅಂತ ನನಗಂತೂ ಅನ್ನಲಾಗುವುದಿಲ್ಲ. ನಮ್ಮ ಯಲ್ಲಾಪುರ, ಹಳಿಯಾಳದ ಸಿದ್ದಿಗಳನ್ನು ಇಂದಿಗೂ ಕೂದಲು ನೋಡಿ 'ಯಾವ ದೇಶದವರು' ಅಂತ ಕೇಳುವವರಿದ್ದಾರಲ್ಲ!

ನಮ್ಮ ಮನೆಯ ಕಥೆ ಇಷ್ಟು ದೊಡ್ಡದಲ್ಲ. ನಮ್ಮ ಅತ್ತೆಯೊಬ್ಬರಿಗೆ (ಹೆಸರು ಬರೆದರೆ ಬೈತಾರೆ) ದಟ್ಟ ಗುಂಗುರು ಕೂದಲು. ಎಂಬತ್ತರ ದಶಕ, ಶಾಂಪೂ ಸ್ಯಾಷೆ ಹಳ್ಳಿ ಅಂಗಡಿಗೂ ಬಂದು, ಜಾಹೀರಾತಿನ ಹುಡುಗಿಯರ ಕೂದಲು ಜಲಪಾತದ ಹಾಗೆ ಸುರಿಯುತ್ತಿದ್ದ ಕಾಲ. ಮೊದಲು ನೋಡಲು ಬಂದ ಗಂಡಿನ ಕಡೆಯವರು ಕಾಫಿ ಕುಡಿದು, 'ಕೂದಲು ಯಾಕೋ ಕೆದರಿದ ಹಾಗಿದೆ' ಅಂದು ಎದ್ದುಹೋದರಂತೆ. ಎರಡನೇ ಸಲ ಅಜ್ಜಿ ತಾವೇ ಕೂತರು. ಹಿತ್ತಾಳೆ ಬಾಚಣಿಗೆಯ ಹಿಡಿಗೆ ದಪ್ಪ ಬಟ್ಟೆ ಸುತ್ತಿ ಕೆಂಡದ ಮೇಲೆ ಹಿಡಿಯುವುದು. ಹಳೇ ಪೇಪರಿಗೆ ಮುಟ್ಟಿಸಿ, ಪೇಪರು ಕಂದಾದರೆ ಸ್ವಲ್ಪ ಆರಿಸುವುದು. ಎಣ್ಣೆ ಹಚ್ಚಿದ ಕೂದಲನ್ನು ಬೆರಳಗಲ ಬೆರಳಗಲ ಎತ್ತಿ ಬುಡದಿಂದ ತುದಿಗೆ ಎಳೆಯುವುದು. ಚರ್ರ್ ಅನ್ನುವ ಸದ್ದು, ಕೋಳಿಗರಿ ಸುಟ್ಟ ವಾಸನೆ. ಅತ್ತೆಯ ಬಲಗಿವಿಯ ತುದಿಯಲ್ಲಿ ಇವತ್ತಿಗೂ ಒಂದು ಬಿಳಿ ಕಲೆ ಇದೆ.

ಅದು ಶ್ರಾವಣ. ಗಂಡಿನ ಕಡೆಯವರ ಜೀಪು ಕೆಸರಲ್ಲಿ ಹೂತು ಮೂರು ತಾಸು ತಡವಾಯಿತು. ಅವರು ಅಂಗಳಕ್ಕೆ ಬರುವಷ್ಟರಲ್ಲಿ ಅತ್ತೆಯ ಕೂದಲು ಮೊದಲಿನ ಹಾಗೇ ಸುತ್ತಿಕೊಂಡಿತ್ತು!

ಯಾಕೆ ಹೀಗೆ? ಕೂದಲು ಕೆರಾಟಿನ್ ಎಂಬ ಪ್ರೋಟೀನಿನದು. ಅದರೊಳಗೆ ಎರಡು ತರದ ಕೊಂಡಿಗಳಿವೆ. ಜಲಜನಕದ ಕೊಂಡಿಗಳು ಸಡಿಲ. ಬಿಸಿಗೆ ಬಿಡುತ್ತವೆ, ಎಳೆದು ಹಿಡಿದು ಆರಿಸಿದರೆ ಹೊಸ ಜಾಗದಲ್ಲಿ ಕೂರುತ್ತವೆ. ಆದರೆ ನೀರು ತಾಗಿದರೂ ಅವು ಬಿಡುತ್ತವೆ. ಮಳೆಯಲ್ಲಿ ನೆನೆಯಲೇಬೇಕೆಂದಿಲ್ಲ, ಗಾಳಿಯ ತೇವ ಸಾಕು. ಗಂಧಕದ ಕೊಂಡಿಗಳು ಮಾತ್ರ ಬಾಚಣಿಗೆಯ ಬಿಸಿಗೆ ಬಗ್ಗುವುದಿಲ್ಲ. ಸುರುಳಿಯ ನೆನಪೆಲ್ಲ ಅಲ್ಲೇ. ಪಾರ್ಲರಿನವರು ರೀಬಾಂಡಿಂಗ್ ಅಂತ ರಾಸಾಯನಿಕ ಹಾಕುವುದು ಅವನ್ನು ಮುರಿಯಲಿಕ್ಕೆ. ಇನ್ನು ಒದ್ದೆ ಕೂದಲಿಗೇ ಕಾದ ಲೋಹ ಇಟ್ಟರೆ ಒಳಗಿನ ನೀರು ಆವಿಯಾಗಿ ಗುಳ್ಳೆ ಎದ್ದು ಎಳೆ ತುಂಡಾಗುತ್ತದೆ. ಮಳೆಗಾಲದ ಮಲೆನಾಡಿನಲ್ಲಿ ಪೂರ್ತಿ ಒಣಗಿದ ಕೂದಲು ಎಲ್ಲಿಂದ ತರೋಣ ಹೇಳಿ :-)

2019ರಲ್ಲಿ ಕ್ಯಾಲಿಫೋರ್ನಿಯಾ ಹುಟ್ಟುಗೂದಲಿನ ಕಾರಣಕ್ಕೆ ಶಾಲೆ, ಕೆಲಸಗಳಲ್ಲಿ ತಾರತಮ್ಯ ಮಾಡುವಂತಿಲ್ಲ ಅಂತ ಕಾನೂನನ್ನೇ ಮಾಡಿತು. ಹೆಣ್ಣು ನೋಡುವ ಶಾಸ್ತ್ರಕ್ಕೆ ಅಂಥ ಕಾನೂನು ಯಾರು ಮಾಡುತ್ತಾರೋ.

ಅಂದಹಾಗೆ ಆ ಎರಡನೇ ಗಂಡೇ ಈಗಿನ ನಮ್ಮ ಮಾವ. ಅತ್ತೆಯ ಮಗಳಿಗೂ ಅದೇ ಕೂದಲು. ಹೋದ ವರ್ಷ ಬೆಂಗಳೂರಿನಲ್ಲಿ ಕರೆಂಟಿನ ಇಸ್ತ್ರಿಯಿಂದ ನೀಟಾಗಿ ನೇರ ಮಾಡಿಕೊಂಡು ರೈಲು ಹತ್ತಿದವಳು, ಸಕಲೇಶಪುರ ಸ್ಟೇಷನ್ನಿನಲ್ಲಿ ಇಳಿದು ಆಟೋ ಹುಡುಕುವಷ್ಟರಲ್ಲೇ ಹಣೆಯ ಮೇಲೆ ಎರಡು ಸುರುಳಿ ಎದ್ದಿದ್ದವು.